ಬಾರ್ ಆಮೇಲೆ, ಮೊದಲು ಲೀಟರ್ ಕೇಳಿ

ಗಾಡಿಯ ಕೆಸರು ತೊಳೆಯೋಕೆ ಪ್ರೆಷರ್ ವಾಷರ್, ಅಂದ್ರೆ ನೀರನ್ನ ಒತ್ತಡದಲ್ಲಿ ಚಿಮ್ಮಿಸೋ ಮೆಷಿನ್, ಕೊಳ್ಳೋರಿಗೆ ಈ ಮಾತು. ಬಾರ್ ಅಂದ್ರೆ ಅದರ ಒತ್ತಡದ ಅಳತೆ, ಲೀಟರ್ ಅಂದ್ರೆ ಅದು ನಿಮಿಷಕ್ಕೆ ಬಿಡೋ ನೀರು. ನಮ್ಮ ಮೂಡಿಗೆರೆ ಕಡೆ ಗಾಡಿಗೆ ಅಂಟೋ ಮಣ್ಣು ಎರಡು ಥರದ್ದು. ತೋಟದ ದಾರಿಯ ಕೆಂಪು ಮಣ್ಣು ನೋಡೋಕೆ ಭಯಂಕರ, ಆದರೆ ಪೈಪಿನಲ್ಲಿ ನೀರು ಬಿಟ್ಟರೆ ಇಳಿದುಹೋಗುತ್ತೆ. ಬಟ್ಟೆಗೆ ಹಿಡಿದಷ್ಟು ಗಾಡಿಗೆ ಹಿಡಿಯಲ್ಲ. ಗದ್ದೆಯ ಜೇಡಿಮಣ್ಣಿನ ಕಥೆ ಬೇರೆ. ಅದು ಚಾಸಿಯ, ಅಂದ್ರೆ ಗಾಡಿಯ ಅಡಿ ಚೌಕಟ್ಟಿನ ಒಳಗೆ, ಸ್ಪ್ರಿಂಗ್ ಪ್ಲೇಟುಗಳ ಸಂದಿಗೆ, ಪೆಟ್ರೋಲ್ ಟ್ಯಾಂಕಿನ ಗಾರ್ಡಿನ ಮೇಲೆ, ಬ್ರೇಕ್ ಡಿಸ್ಕಿನ ಹಿಂದಿನ ತಗಡಿಗೆ ಹೋಗಿ ಕೂತುಬಿಡುತ್ತೆ. ಹೊರಪದರ ಎರಡು ದಿನದ ಬಿಸಿಲಿಗೆ ಒಣಗಿ ಗಟ್ಟಿಯಾಗುತ್ತೆ, ಒಳಗೆ ಮಾತ್ರ ತೇವ ಹಾಗೇ ಉಳಿದಿರುತ್ತೆ. ತುಕ್ಕು ಶುರುವಾಗೋದು ಅಲ್ಲೇ. ಮೇಲೆ ಬಾಡಿ ಥಳಥಳ ಹೊಳೀತಾ ಇರೋ ಗಾಡಿಯ ಚಾಸಿಗೆ ಸ್ಕ್ರೂಡ್ರೈವರ್ ಒತ್ತಿದರೆ ತೂತು ಬೀಳೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಇನ್ನು ರಿಮ್ಮಿನ ಒಳಬದಿಗೆ ಒಂದೇ ಕಡೆ ಹೆಂಟೆ ಅಂಟಿಕೊಂಡಿತೋ, ಟಾರ್ ರೋಡಿನಲ್ಲಿ ಅರವತ್ತು ದಾಟಿದ ಕೂಡಲೇ ಸ್ಟೇರಿಂಗ್ ನಡುಗೋಕೆ ಶುರು. ಅಲೈನ್‌ಮೆಂಟ್ ಹೋಗಿದೆ ಅಂದ್ಕೊಂಡು ಟೈರ್ ಅಂಗಡಿಗೆ ದುಡ್ಡು ಸುರಿದು ಬಂದವರು ನಮ್ಮ ಜೀಪಿನ ಗುಂಪಿನಲ್ಲೇ ಇದ್ದಾರೆ.

ನನ್ನದು ಸೆಕೆಂಡ್ ಹ್ಯಾಂಡ್ ಮಾರುತಿ ಜಿಪ್ಸಿ ಜೀಪು. ತೋಟಕ್ಕೆ ಹೋಗಿಬರೋಕೆ ಅದೇ, ಮಳೆಗಾಲದಲ್ಲಿ ಜೀಪಿನ ಗುಂಪಿನವರ ಜೊತೆ ಕೆಸರಲ್ಲಿ ಓಡಿಸೋಕೆ ಗದ್ದೆಗೆ ಇಳಿಸೋದೂ ಅದನ್ನೇ. ಮುಂಚೆ ಪೇಟೆಯಲ್ಲಿ ವಾಟರ್ ಸರ್ವಿಸಿಗೆ ಬಿಡ್ತಾ ಇದ್ದೆ. ಅಲ್ಲಿ ರ‍್ಯಾಂಪ್ ಇದೆ, ಗಾಡಿ ಮೇಲೇರಿಸಿ ಕೆಳಗಿಂದ ತೊಳೀತಾರೆ, ಅದೊಂದು ದೊಡ್ಡ ಅನುಕೂಲ. ಆದರೆ ಮಳೆಗಾಲದ ಭಾನುವಾರ ಅಂದ್ರೆ ಪಿಕಪ್ಪು, ಟ್ರ್ಯಾಕ್ಟರು, ಜೀಪು ಎಲ್ಲಾ ಸಾಲು ನಿಂತಿರುತ್ತವೆ. ನಮ್ಮ ಸರದಿ ಬರೋ ಹೊತ್ತಿಗೆ ಹುಡುಗರಿಗೂ ಸುಸ್ತು, ಕಣ್ಣಿಗೆ ಕಾಣೋದನ್ನ ತೊಳೆದು ಕಳಿಸ್ತಾರೆ. ಜೊತೆಗೆ ಕೊನೆಯಲ್ಲಿ ಚಾಸಿಗೆ ಡೀಸೆಲ್ ಹೊಡೆಯೋ ಅಭ್ಯಾಸ. ತುಕ್ಕು ಹಿಡಿಯಲ್ಲ ಅಂತ ಅವರ ನಂಬಿಕೆ. ಡೀಸೆಲ್ ಬಿದ್ದ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗ್ತವೆ, ಆ ಎಣ್ಣೆಗೆ ಮುಂದಿನ ಸಲದ ಧೂಳು ಇನ್ನೂ ಚೆನ್ನಾಗಿ ಅಂಟುತ್ತೆ. ಬೇಡ ಅಂದರೂ ಕೈ ಅಭ್ಯಾಸಕ್ಕೆ ಹೊಡೆದೇ ಬಿಡ್ತಾರೆ. ಹಾಗಾಗಿ ಮನೆಯಲ್ಲೇ ಒಂದು ಪ್ರೆಷರ್ ವಾಷರ್ ಇಟ್ಟುಕೊಳ್ಳೋಣ ಅಂತ ತೀರ್ಮಾನ ಮಾಡಿದೆ.

ಈ ವಿಷಯ ಬೆಂಗಳೂರಿನ ನನ್ನ ಮೈದುನನ ಕಿವಿಗೆ ಬಿತ್ತು. ಸಾಫ್ಟ್‌ವೇರಿನಲ್ಲಿದ್ದಾನೆ, ಮಾರುತಿ ಜಿಮ್ನಿ ಜೀಪು ಇಟ್ಟಿದ್ದಾನೆ, ಆನ್‌ಲೈನಿನಲ್ಲಿ ಸಾಮಾನು ಆರಿಸೋದರಲ್ಲಿ ತನ್ನನ್ನ ಬಿಟ್ಟರೆ ಇಲ್ಲ ಅಂದ್ಕೊಂಡಿದ್ದಾನೆ. ಒಂದೇ ಸಮ ಲಿಂಕ್ ಕಳಿಸೋಕೆ ಶುರು ಮಾಡಿದ.

“ಅತ್ತಿಗೆ, ಇದು ನೋಡಿ, 180 ಬಾರ್! ಅದೂ ಎಂಟು ಸಾವಿರಕ್ಕೆ.”

“ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತಂತೆ?”

“ಎಂಟು ಲೀಟರ್ ಅಂತ ಹಾಕಿದ್ದಾರೆ.”

“ಮೋಟಾರ್ ಎಷ್ಟು ವ್ಯಾಟ್ ಅಂತೆ?”

“ಎರಡು ಸಾವಿರ.”

“ಹಾಗಾದ್ರೆ ಅದು ಸುಳ್ಳು ಬಿಡಪ್ಪಾ.”

ನೋಡದೇನೇ ಹೇಗೆ ಹೇಳ್ತೀರಿ ಅಂತ ಅವನಿಗೆ ಕೋಪ. ಲೆಕ್ಕ ಬಹಳ ಸಣ್ಣದು. ನೀರನ್ನ ಒತ್ತಿ ತಳ್ಳೋಕೆ ಎಷ್ಟು ಶಕ್ತಿ ಬೇಕು ಅಂತ ತಿಳಿಯೋಕೆ ಬಾರ್ ಅನ್ನೋ ಸಂಖ್ಯೆಯನ್ನ ನಿಮಿಷಕ್ಕೆ ಬರೋ ಲೀಟರಿನಿಂದ ಗುಣಿಸಿ, 600ರಿಂದ ಭಾಗಿಸಬೇಕು. ಬರೋ ಉತ್ತರ ಕಿಲೋವ್ಯಾಟಿನಲ್ಲಿ. 180ನ್ನ 8ರಿಂದ ಗುಣಿಸಿದರೆ 1440, ಅದನ್ನ 600ರಿಂದ ಭಾಗಿಸಿದರೆ 2.4 ಕಿಲೋವ್ಯಾಟ್. ಎರಡು ಕಿಲೋವ್ಯಾಟ್ ಕರೆಂಟು ಎಳೆಯೋ ಯಂತ್ರ 2.4 ಕಿಲೋವ್ಯಾಟ್ ಕೆಲಸ ಕೊಡೋದಾದ್ರೆ ನಮ್ಮ ಕಡೆ ಕರೆಂಟು ಕೊಡೋ ಮೆಸ್ಕಾಂನವರು ಇವತ್ತೇ ಅಂಗಡಿ ಮುಚ್ಚಬಹುದು. ಮೋಟಾರಿನಲ್ಲಿ ಬಿಸಿಯಾಗಿ ಹೋಗೋದು, ಪಂಪಿನಲ್ಲಿ ತಿಕ್ಕಾಟಕ್ಕೆ ಹೋಗೋದು ಎರಡನ್ನೂ ಕಳೆದರೆ ಹಾಕಿದ ಶಕ್ತಿಯ ಮುಕ್ಕಾಲು ಭಾಗ ನೀರಿಗೆ ಸಿಕ್ಕರೇ ಪುಣ್ಯ.

ಡಬ್ಬದ ಮೇಲೆ ಬರೆದಿರೋ ಬಾರ್ ಸಾಮಾನ್ಯವಾಗಿ ‘ಮ್ಯಾಕ್ಸಿಮಮ್’ ಬಾರ್. ಪಂಪು ಒಂದು ಕ್ಷಣ ಮುಟ್ಟಬಲ್ಲ ತುದಿ ಅದು. ನೀರು ಬಿಡೋ ಗನ್ ಒತ್ತಿ ಹಿಡಿದು ತೊಳೆಯುವಾಗ ಸಿಗೋ ಒತ್ತಡ ಅದಕ್ಕಿಂತ ಕಮ್ಮಿ. ಲೀಟರಿನದ್ದೂ ಹಾಗೇ, ಒತ್ತಡ ಏರಿದಾಗ ನೀರು ಇಳಿಯುತ್ತೆ. ಎರಡು ತುದಿಯನ್ನೂ ಒಟ್ಟಿಗೆ ಬರೆದು ಮಾರೋದು ವ್ಯಾಪಾರ. ಹೆಸರು ಇರೋ ಕಂಪನಿಯವರ ಲೆಕ್ಕ ನೋಡಿ. ಕಾರ್ಚರ್‌ನ ಕೆ2 ಅನ್ನೋ ಸಣ್ಣ ಮೆಷಿನ್ನಿಗೆ 1400 ವ್ಯಾಟ್, 110 ಬಾರ್, ಗಂಟೆಗೆ 360 ಲೀಟರ್, ಅಂದ್ರೆ ನಿಮಿಷಕ್ಕೆ 6. ಗುಣಿಸಿ ಭಾಗಿಸಿದರೆ 1.1 ಕಿಲೋವ್ಯಾಟ್. ತುದಿಯ ಸಂಖ್ಯೆ ಇಟ್ಟು ನೋಡಿದರೂ ಲೆಕ್ಕ ವ್ಯಾಟಿನ ಒಳಗೇ ಕೂರುತ್ತೆ. ಅದೇ ಕಂಪನಿಯ ಕೆ5ಗೆ 2100 ವ್ಯಾಟ್, 145 ಬಾರ್, ಗಂಟೆಗೆ 500 ಲೀಟರ್. ಇಲ್ಲಿ ಸ್ವಲ್ಪ ಬಿಗಿಯಾಗಿದೆ, ಆದರೂ ದಾಟಿಲ್ಲ. ನಾನು ಇವೆರಡನ್ನೂ ಕೊಂಡಿಲ್ಲ, ಅಳತೆಗೆ ಹೇಳ್ತಿದ್ದೀನಿ ಅಷ್ಟೇ. ಮೈದುನ ಕಳಿಸಿದ ಅಗ್ಗದ ಲಿಂಕುಗಳಲ್ಲಿ ಬಹಳಷ್ಟು ಈ ಒಂದು ಗುಣಾಕಾರಕ್ಕೇ ಬಿದ್ದುಹೋದವು.

ಈಗ ಮುಖ್ಯ ಮಾತಿಗೆ ಬರ್ತೀನಿ. ಕೆಸರು ತೊಳೆಯೋಕೆ ಬಾರ್ ಹೆಚ್ಚು ಬೇಕಾ, ಲೀಟರ್ ಹೆಚ್ಚು ಬೇಕಾ? ನನಗೆ ಇದರ ಉತ್ತರ ಸಿಕ್ಕಿದ್ದು ಅಂಗಡಿಯಲ್ಲಲ್ಲ, ಔಷಧಿ ಹೊಡೆಯೋ ಪಂಪಿನಲ್ಲಿ. ಅಡಿಕೆ, ಮೆಣಸು, ಕಾಫಿ ಇರೋ ಮನೆಯಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಔಷಧಿ) ಹೊಡೆಯೋ ಎಚ್‌ಟಿಪಿ ಪಂಪ್ ಇದ್ದೇ ಇರುತ್ತೆ. ಪೆಟ್ರೋಲ್ ಎಂಜಿನ್ನಿಗೆ ಬೆಲ್ಟ್ ಹಾಕಿ ಓಡಿಸೋ ಮೂರು ಪಿಸ್ಟನ್ನಿನ ಪಂಪು. ಒತ್ತಡ ಬರೀ ಚದರ ಸೆಂಟಿಮೀಟರಿಗೆ ಇಪ್ಪತ್ತು ಮೂವತ್ತು ಕೆಜಿ, ಅಂದ್ರೆ ಹೆಚ್ಚುಕಮ್ಮಿ ಅಷ್ಟೇ ಬಾರ್. ಆದರೆ ನೀರು ನಿಮಿಷಕ್ಕೆ ಇಪ್ಪತ್ತು ಲೀಟರಿನ ಆಸುಪಾಸು. ನಮ್ಮ ತೋಟದ ಲೆಕ್ಕ, ಕೆಲಸ ನೋಡ್ಕೊಳ್ಳೋ ರೈಟ್ರು ಇದರಲ್ಲೇ ಜೀಪ್ ತೊಳೀತಾ ಇದ್ದರು. ಚಕ್ರದ ಮೇಲಿನ ಗೂಡಿನಿಂದ ಕೆಸರು ಹೆಂಟೆ ಹೆಂಟೆಯಾಗಿ ಕಳಚಿ ಬೀಳೋದು ನೋಡಿದರೆ 110 ಬಾರಿನ ಸಣ್ಣ ವಾಷರ್ ಅದರ ಮುಂದೆ ಪಿಚಕಾರಿ.

ಕಾರಣ ಇದೆ. ಒತ್ತಡ ನಾಲ್ಕು ಪಟ್ಟು ಮಾಡಿದರೂ ನೀರಿನ ವೇಗ ಏರೋದು ಎರಡೇ ಪಟ್ಟು. ಒತ್ತಡ ಅಷ್ಟೇ ಇಟ್ಟು ಲೀಟರ್ ಎರಡು ಪಟ್ಟು ಮಾಡಿದರೆ ತಳ್ಳೋ ಬಲ ನೇರವಾಗಿ ಎರಡು ಪಟ್ಟಾಗುತ್ತೆ. 25 ಬಾರಿನಲ್ಲಿ 20 ಲೀಟರ್ ಕೊಡೋ ಔಷಧಿ ಪಂಪಿನ ನೀರು, 110 ಬಾರಿನಲ್ಲಿ 7 ಲೀಟರ್ ಕೊಡೋ ವಾಷರಿಗಿಂತ ಜೋರಾಗಿ ದೂಡುತ್ತೆ. ಬಾರ್ ಇರೋದು ಅಂಟಿದ್ದನ್ನ ಬಿಡಿಸೋಕೆ. ಬಿಡಿಸಿದ್ದನ್ನ ಹೊತ್ತುಕೊಂಡು ಹೋಗೋದು ಲೀಟರ್. ಕೆಸರಿನಲ್ಲಿ ಹೊರೋ ಕೆಲಸವೇ ಜಾಸ್ತಿ.

ಹಾಗಾದ್ರೆ ಔಷಧಿ ಪಂಪೇ ಸಾಕಲ್ಲ ಅಂತ ರೈಟ್ರೂ ಕೇಳಿದರು. “ಅಮ್ಮಾ, ಇದಿರೋವಾಗ ಮತ್ತೊಂದು ಯಾಕೆ?” ಎರಡು ತೊಂದರೆ. ಒಂದು, ಮೈಲುತುತ್ತ. ಬೋರ್ಡೋ ಹೊಡೆದ ಡ್ರಮ್ಮು, ಪೈಪು ಚೆನ್ನಾಗಿ ತೊಳೆಯದೇ ಗಾಡಿಗೆ ಹಿಡಿದರೆ ಆ ತಾಮ್ರದ ನೀರು ಪೇಂಟ್ ಎದ್ದ ಕಬ್ಬಿಣವನ್ನ ತಿನ್ನುತ್ತೆ. ಔಷಧಿ ಹೊಡೆಯೋದು ಮಳೆ ಹಿಡಿಯೋ ಮುಂಚೆ, ಆಮೇಲೆ ಮಳೆ ಬಿಡುವು ಕೊಟ್ಟಾಗ, ಸರಿಯಾಗಿ ಗಾಡಿ ಕೆಸರಾಗೋ ಕಾಲಕ್ಕೇ. ಎರಡನೇದು, ಒಣಗಿದ ಜೇಡಿಯ ಕೊನೇ ಪದರ, ಅಂಡರ್‌ಬಾಡಿಯ ಮೇಲೆ ಪುಡಿಪುಡಿಯಾಗಿ ಉಳಿಯುತ್ತಲ್ಲ, ಅದು ಇಪ್ಪತ್ತೈದು ಬಾರಿಗೆ ಜಗ್ಗಲ್ಲ. ಅದಕ್ಕೆ ನಿಜವಾಗಲೂ ಬಾರ್ ಬೇಕು. ನಾನು ಎರಡನ್ನೂ ಇಟ್ಟುಕೊಂಡೆ. ಔಷಧಿ ಪಂಪ್ ಇರೋರು ಇದೇ ಲೆಕ್ಕದಲ್ಲಿ ಯೋಚಿಸಿ, ಸಣ್ಣ ವಾಷರಿನಲ್ಲೇ ಕೆಲಸ ಆಗಿಹೋಗುತ್ತೆ. ಇಲ್ಲದಿರೋರು ಬಾರಿಗೆ ಕೊಡೋ ದುಡ್ಡನ್ನ ಲೀಟರಿಗೆ ಕೊಡಿ. ದಿಟವಾದ 100 ಬಾರ್, ನಿಮಿಷಕ್ಕೆ 8 ಲೀಟರ್ ಸಿಗೋ ಮೆಷಿನ್ನು 150 ಬಾರ್ 5 ಲೀಟರಿನದಕ್ಕಿಂತ ನಮ್ಮಂಥವರಿಗೆ ಮೇಲು. ಕಾರಿನ ಧೂಳು ತೊಳೆಯೋರ ಲೆಕ್ಕ ಬೇರೆ, ಅವರಿಗೆ ಯಾವುದಾದರೂ ಆಗುತ್ತೆ.

ನೀರಿನ ವಿಷಯ. ವಾಷರ್ ಎಷ್ಟು ಲೀಟರ್ ಬಿಡುತ್ತೋ ಅಷ್ಟನ್ನ ನಲ್ಲಿ ಕೊಡಬೇಕು, ಇಲ್ಲದಿದ್ದರೆ ಪಂಪು ಗಾಳಿ ಎಳೆದು ಕಟಕಟ ಅನ್ನುತ್ತೆ, ಸೀಲ್ ಹೋಗುತ್ತೆ. ಅಂಗಡಿಗೆ ಹೋಗೋ ಮುಂಚೆ ಗಾಡಿ ತೊಳೆಯೋ ಜಾಗದ ನಲ್ಲಿಗೆ 20 ಲೀಟರಿನ ಬಕೆಟ್ ಇಟ್ಟು ಗಡಿಯಾರ ನೋಡಿ. ಎರಡು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 10 ಲೀಟರ್, ಚಿಂತೆ ಇಲ್ಲ. ನಾಲ್ಕು ನಿಮಿಷ ಹಿಡಿದರೆ 5 ಲೀಟರ್, ಬಹುತೇಕ ಯಾವ ಮೆಷಿನ್ನಿಗೂ ಸಾಲದು. ತಾರಸಿಯ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪು ನಾಲ್ಕಾರು ಬೆಂಡ್ ತಿರುಗಿ ಬಂದಿರೋ ಮನೆಗಳಲ್ಲಿ ಹೀಗೇ ಆಗೋದು. ಅಂಥ ಕಡೆ ಡ್ರಮ್ಮಿನಿಂದ ತಾನೇ ನೀರು ಎಳೆದುಕೊಳ್ಳೋ ಮೆಷಿನ್ ಬೇಕು. ‘ಸೆಲ್ಫ್ ಸಕ್ಷನ್’ ಅಂತ ಬರೆದಿರುತ್ತೆ, ಆದರೆ ಸಕ್ಷನ್ ಪೈಪು, ಅದರ ತುದಿಯ ಜಾಲರಿ ಡಬ್ಬದಲ್ಲೇ ಇದೆಯಾ ಅಂತ ಕೇಳಿ ನೋಡಿ. ಬಹಳ ಸಲ ಬೇರೆ ಕೊಳ್ಳಬೇಕು.

ನಮ್ಮಲ್ಲಿ ಮಳೆಗಾಲ ಪೂರ್ತಿ ಮಾಡಿನ ನೀರೇ ಸಾಕು. ಹೆಂಚಿನ ಮಾಡಿನ ನೀರು ದೋಣಿ ಪೈಪಿನಿಂದ ನೇರ 200 ಲೀಟರಿನ ನೀಲಿ ಡ್ರಮ್ಮಿಗೆ ಬೀಳುತ್ತೆ. ಬಾಯಿಗೆ ಹಳೇ ಪಂಚೆ ಕಟ್ಟಿದ್ದೀನಿ, ಎಲೆ, ಪಾಚಿ, ಹೆಂಚಿನ ಚೂರು ಅಲ್ಲೇ ನಿಲ್ಲುತ್ತೆ. ಸಕ್ಷನ್ ಪೈಪನ್ನ ತಳಕ್ಕೆ ಮುಟ್ಟಿಸದೇ ಒಂದು ಗೇಣು ಮೇಲೆ ಕಟ್ಟಿರೋದು ಮುಖ್ಯ. ತಳದ ಮರಳು ಒಂದೆರಡು ಕಾಳು ಪಂಪಿನ ವಾಲ್ವಿಗೆ ಸಿಕ್ಕರೂ ಒತ್ತಡ ಏರೋದು ಇಳಿಯೋದು ಶುರುವಾಗುತ್ತೆ. ಹಳ್ಳದ ನೀರನ್ನ ನೇರ ಎಳೆಯಬೇಡಿ ಅಂತ ನಾನು ಹೇಳೋದು ಇದಕ್ಕೇ. ಡ್ರಮ್ಮಿನ ಇನ್ನೊಂದು ಉಪಯೋಗ ಅಂದ್ರೆ ಮೆಷಿನ್ನಿನ ನಿಜ ಬಣ್ಣ ತಿಳಿಯುತ್ತೆ. 20 ಲೀಟರ್ ಗುರುತು ಹಾಕಿ, ಗನ್ ಒತ್ತಿ ಹಿಡಿದು, ಅಷ್ಟು ನೀರು ಇಳಿಯೋಕೆ ಎಷ್ಟು ಹೊತ್ತಾಯ್ತು ಅಂತ ನೋಡಿದರೆ ಸಾಕು. ನಿಮಿಷಕ್ಕೆ 6 ಲೀಟರಿನ ಮೆಷಿನ್ನಿಗೆ ಮೂರೂಕಾಲು ನಿಮಿಷದ ಮೇಲೆ ಹಿಡಿಯುತ್ತೆ. ಒಂದು ಡ್ರಮ್ಮು ಅರ್ಧ ಗಂಟೆ ಬರುತ್ತೆ, ಒಂದು ಜಿಪ್ಸಿಗೆ ಧಾರಾಳ. ಬರೀ ಹೋಸ್ ಪೈಪಿನಲ್ಲಿ ಅರ್ಧ ಗಂಟೆ ತೊಳೆದರೆ ಇದರ ಎರಡು ಮೂರು ಪಟ್ಟು ನೀರು ಹೋಗುತ್ತೆ.

ಕರೆಂಟು ಇನ್ನೊಂದು ರಾಮಾಯಣ. ಕೆಸರು ಆಗೋದು ಮಳೆಯಲ್ಲಿ, ಕರೆಂಟು ಹೋಗೋದೂ ಮಳೆಯಲ್ಲೇ. ಲೈನಿನ ಮೇಲೆ ಮರ ಬಿತ್ತು ಅಂದ್ರೆ ದಿನಗಟ್ಟಲೆ ಇಲ್ಲ. ಇದ್ದಾಗಲೂ ಸಂಜೆ ಹೊತ್ತು ವೋಲ್ಟೇಜ್ 180ಕ್ಕೆ ಇಳಿದಿರುತ್ತೆ. ಅಂಗಡಿಯವರು ಇದನ್ನ ಕೇಳೋದಿಲ್ಲ, ಹೇಳೋದೂ ಇಲ್ಲ. ಮೋಟಾರು ಆರಿಸೋದು ನಿಂತಿರೋದು ಮಾತ್ರ ಇದರ ಮೇಲೇ.

ಅಗ್ಗದ ಮೆಷಿನ್ನುಗಳಲ್ಲಿ ಕಾರ್ಬನ್ ಬ್ರಷ್ ಇರೋ ಮೋಟಾರು. ಮಿಕ್ಸಿಯಲ್ಲಿ ಇರೋ ಜಾತಿಯದ್ದೇ. ಹಗುರ, ಸಣ್ಣದು, ಗಲಾಟೆ ಮಾತ್ರ ಊರಿಗೆಲ್ಲ ಕೇಳುತ್ತೆ. ಬೇಗ ಬಿಸಿಯಾಗುತ್ತೆ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ವಿರಾಮ ಕೊಡಬೇಕು, ಬ್ರಷ್ ಸವೆಯುತ್ತೆ. ಆದರೆ ಒಂದು ಗುಣ ಇದೆ: ವೋಲ್ಟೇಜ್ ಇಳಿದರೆ ವೇಗ ಇಳಿಸಿಕೊಂಡು ಹೇಗೋ ಓಡುತ್ತೆ, ಒತ್ತಡ ಕಮ್ಮಿ ಬರುತ್ತೆ ಅಷ್ಟೇ. ಇನ್ನೊಂದು ಇಂಡಕ್ಷನ್ ಮೋಟಾರು. ನಿಮಿಷಕ್ಕೆ 2800 ಸುತ್ತಿನ ಹತ್ತಿರ ನಿಧಾನಕ್ಕೆ ತಿರುಗುತ್ತೆ, ಸದ್ದು ಕಮ್ಮಿ, ತೂಕ ಇಪ್ಪತ್ತು ಕಿಲೋ ಮೇಲೆ, ಬ್ರಷ್ ಇಲ್ಲ, ವರ್ಷಗಟ್ಟಲೆ ಬಾಳುತ್ತೆ. ಇದರ ದೋಷ ಏನಂದ್ರೆ ವೋಲ್ಟೇಜ್ ಇಳಿದಾಗ ಕರೆಂಟು ಇನ್ನೂ ಜಾಸ್ತಿ ಎಳೆದು ಬಿಸಿಯಾಗುತ್ತೆ, ಕೆಲವು ಸಲ ಸ್ಟಾರ್ಟೇ ಆಗದೇ ಗುಂಯ್ ಅನ್ನುತ್ತೆ. ಗುಂಯ್ ಅಂದ ಕೂಡಲೇ ಸ್ವಿಚ್ ಆರಿಸಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತೆ.

ಗನ್ ಬಿಟ್ಟ ಕೂಡಲೇ ಮೋಟಾರ್ ನಿಲ್ಲೋ ‘ಆಟೋ ಸ್ಟಾಪ್’ ಈಗ ಬಹಳಷ್ಟರಲ್ಲಿ ಇದೆ. ಒಳ್ಳೇದೇ. ಆದರೆ ಕ್ಷಣಕ್ಕೊಮ್ಮೆ ಗನ್ ಒತ್ತಿ ಬಿಟ್ಟು ಮಾಡಿದರೆ ಪ್ರತಿ ಸಲ ಮೋಟಾರು ಹೊಸದಾಗಿ ಸ್ಟಾರ್ಟ್ ಆಗಬೇಕು. ಇಂಡಕ್ಷನ್ ಮೋಟಾರಿಗೆ ಇಳಿದ ವೋಲ್ಟೇಜಿನಲ್ಲಿ ಇದು ಬಲು ಹಿಂಸೆ. ನಾನು ಮಧ್ಯಾಹ್ನ ಹನ್ನೆರಡರಿಂದ ಮೂರರ ಒಳಗೆ, ಸ್ಟೆಬಿಲೈಸರಿನ ಮುಳ್ಳು 215ರ ಮೇಲಿರೋವಾಗ ಮಾತ್ರ ತೊಳೆಯೋದು. ಸಂಜೆಯೇ ಸಮಯ ಸಿಗೋದು, ವೋಲ್ಟೇಜ್ ಹೀಗೇ ಅನ್ನೋರಿಗೆ ಬ್ರಷ್ ಮೋಟಾರೇ ವಾಸಿ, ದುಡ್ಡು ಉಳಿಸಿ. ಪೆಟ್ರೋಲ್ ಎಂಜಿನ್ನಿನ ವಾಷರುಗಳೂ ಸಿಗುತ್ತವೆ, ಬೆಲೆ ಮತ್ತು ಗಲಾಟೆ ಎರಡೂ ಜಾಸ್ತಿ. ಪಂಪ್‌ಸೆಟ್ಟಿನ ತ್ರೀ ಫೇಸ್ ಲೈನಿಗೆ ಹಾಕಿ ಅಂತ ಸಲಹೆ ಕೊಡೋರು ಸಿಗ್ತಾರೆ. ಅದು ನೀರಾವರಿಗೆ ಕೊಟ್ಟ ಕರೆಂಟು, ಗಾಡಿ ತೊಳೆಯೋಕಲ್ಲ.

ವೈರಿನ ಬಗ್ಗೆ ಎರಡು ಮಾತು. 1800 ವ್ಯಾಟಿನ ಮೆಷಿನ್ 8 ಆಂಪಿಯರ್ ಎಳೆಯುತ್ತೆ, 16 ಆಂಪಿಯರಿನ ದೊಡ್ಡ ಪ್ಲಗ್ಗೇ ಬೇಕು. ಟಿವಿಗೆ ಬಳಸೋ ತೆಳು ಎಕ್ಸ್‌ಟೆನ್ಷನ್ನಿಗೆ ಸಿಕ್ಕಿಸಬೇಡಿ. 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ಕೊಂಡು, ರಾಟೆಯಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿಟ್ಟ ವೈರು ಒಳಗೇ ಕಾಯುತ್ತೆ. ಅರ್ಥಿಂಗ್ ಸರಿ ಇರಬೇಕು, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯೋ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಒದ್ದೆ ನೆಲ, ಬರಿಗಾಲು, ಕರೆಂಟು ಮೂರೂ ಸೇರೋ ಕೆಲಸ ಇದು. ಮನೆಯಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ವಾಷರಿಗಿಂತ ಮುಂಚೆ ಅದನ್ನ ಹಾಕಿಸಿ.

ಪಂಪಿನ ತಲೆ ಪ್ಲಾಸ್ಟಿಕ್ಕೋ, ಅಲ್ಯೂಮಿನಿಯಮ್ಮೋ, ಹಿತ್ತಾಳೆಯೋ ಅಂತ ಕೇಳಿ. ಹಿತ್ತಾಳೆಯದು ಸಿಕ್ಕರೆ ಉತ್ತಮ, ಅಲ್ಯೂಮಿನಿಯಂ ಪರವಾಗಿಲ್ಲ. ಹೋಸಿನ ಉದ್ದ ಎಷ್ಟೋ ಜನ ನೋಡೋದೇ ಇಲ್ಲ. ಡಬ್ಬದಲ್ಲಿ ಬರೋದು ನಾಲ್ಕೈದು ಮೀಟರಿನ ಗಟ್ಟಿ ಪ್ಲಾಸ್ಟಿಕ್ ಪೈಪು. ಜಿಪ್ಸಿಯೇ ನಾಲ್ಕು ಮೀಟರ್ ಉದ್ದ ಇದೆ, ಸುತ್ತು ಬರೋಕೆ ಮೆಷಿನ್ನನ್ನ ನಾಯಿ ಥರ ಎಳ್ಕೊಂಡು ಓಡಾಡಬೇಕಾಗುತ್ತೆ. ಎಂಟು ಹತ್ತು ಮೀಟರ್ ಬೇಕು, ಒಳಗೆ ಸ್ಟೀಲ್ ಹೆಣಿಗೆ ಇರೋ ರಬ್ಬರ್ ಹೋಸ್ ಆದರೆ ಚಳಿಗೂ ಮೆತ್ತಗಿರುತ್ತೆ. ಬೇರೆ ಹೋಸ್, ಗನ್ ಕೊಳ್ಳೋದಾದ್ರೆ ಜೋಡಣೆ ನೋಡ್ಕೊಳ್ಳಿ. ಎಂ22 ಅನ್ನೋ ತಿರುಪಿನ ಜೋಡಣೆಯಲ್ಲೇ ಒಳಗಿನ ಕೊಳವೆ 14 ಮಿಲಿಮೀಟರಿನದು, 15 ಮಿಲಿಮೀಟರಿನದು ಅಂತ ಎರಡಿವೆ. ಹೊರಗಿಂದ ಒಂದೇ ಥರ ಕಾಣ್ತವೆ, ತಿರುಗಿಸಿದರೆ ಕೂರ್ತವೆ, ನೀರು ಬಿಟ್ಟಾಗ ಮುಖಕ್ಕೆ ಚಿಮ್ಮುತ್ತೆ.

ಗನ್ನಿನ ತುದಿಗೆ ಹಾಕೋ ನಾಝಲ್ಲುಗಳಿಗೆ, ನೀರು ಎಷ್ಟು ಡಿಗ್ರಿ ಅಗಲಕ್ಕೆ ಹರಡುತ್ತೆ ಅಂತ ಬಣ್ಣದ ಗುರುತು ಇರುತ್ತೆ. ಕೆಂಪು ಸೊನ್ನೆ ಡಿಗ್ರಿ, ಹಳದಿ 15, ಹಸಿರು 25, ಬಿಳಿ 40, ಕಪ್ಪು ಸೋಪಿಗೆ. ಕೆಂಪನ್ನ ನಾನು ಡಬ್ಬದಿಂದ ತೆಗೆದೇ ಇಲ್ಲ. ಅಂಡರ್‌ಬಾಡಿಗೆ, ಚಕ್ರದ ಗೂಡಿಗೆ ಹಸಿರು, ಬಾಡಿಗೆ ಬಿಳಿ, ಮುಗೀತು. ತಿರುಗೋ ನೀರು ಬಿಡೋ ಟರ್ಬೋ ನಾಝಲ್ ಕಲ್ಲಿಗೆ, ಸಿಮೆಂಟಿಗೆ ಚೆನ್ನಾಗಿದೆ, ಪೇಂಟಿಗೆ ರಬ್ಬರಿಗೆ ಬೇಡ. ಚಕ್ರ ಇರೋ, ಗಾಡಿ ಕೆಳಗೆ ತಳ್ಳೋ ನಾಲ್ಕು ಬಾಯಿಯ ಅಂಡರ್‌ಬಾಡಿ ಕ್ಲೀನರ್ ಅಂತ ಒಂದು ಬಂದಿದೆ, ವಿಡಿಯೋದಲ್ಲಿ ಬಲು ಸೊಗಸು. ನಿಮಿಷಕ್ಕೆ 6 ಲೀಟರನ್ನ ನಾಲ್ಕು ಬಾಯಿಗೆ ಹಂಚಿದರೆ ಒಂದೊಂದಕ್ಕೆ ಒಂದೂವರೆ ಲೀಟರ್. ಅದರಲ್ಲಿ ಜೇಡಿ ಬಿಡುತ್ತಾ? ಅದರ ಬದಲು ಗನ್ನಿಗೆ ಸಿಕ್ಕಿಸೋ, ತುದಿ ಬಗ್ಗಿದ ಉದ್ದ ಕೊಳವೆ, ಲಾನ್ಸ್ ಅಂತಾರೆ, ಅದೊಂದು ಕೊಳ್ಳಿ, ನೂರು ಪಟ್ಟು ಉಪಯೋಗ. ಚಾಸಿಯ ಮೇಲ್ಭಾಗಕ್ಕೆ, ಟ್ಯಾಂಕ್ ಗಾರ್ಡಿನ ಹಿಂದಕ್ಕೆ ಅದೊಂದೇ ತಲುಪೋದು.

ತೊಳೆಯೋ ಕ್ರಮ ಹೇಳ್ತೀನಿ, ಅರ್ಧ ಕೆಲಸ ಅದರಲ್ಲೇ ಇದೆ. ಗದ್ದೆಯಿಂದ ಬಂದ ದಿನವೇ, ಹಸಿ ಇರುವಾಗಲೇ ದೊಡ್ಡ ಹೆಂಟೆಗಳನ್ನ ಔಷಧಿ ಪಂಪಿನಲ್ಲೋ ಹೋಸಿನಲ್ಲೋ ಇಳಿಸಿಬಿಡೋದು. ಆ ದಿನ ಆಗದೇ ಒಣಗಿಹೋಯ್ತು ಅಂದ್ರೆ ವಾಷರ್ ಹಿಡಿಯೋ ಮುಂಚೆ ನೆನೆಸಬೇಕು. ತರಕಾರಿ ಮಡಿಗೆ ಹಾಕೋ ಸಣ್ಣ ಸ್ಪ್ರಿಂಕ್ಲರನ್ನ ಗಾಡಿಯ ಹೊಟ್ಟೆ ಕೆಳಗೆ ಇಟ್ಟು ಅರ್ಧ ಗಂಟೆ ಬಿಟ್ಟು, ಒಳಗೆ ಹೋಗಿ ಕಾಫಿ ಕುಡಿದು ಬರ್ತೀನಿ. ನೆನೆದ ಜೇಡಿ ಹಸಿರು ನಾಝಲ್ಲಿಗೆ ಸುಲಭಕ್ಕೆ ಬಿಡುತ್ತೆ. ಕೆಳಗಿಂದ ಮೇಲಕ್ಕೆ ಹೋಗೋದು: ಮೊದಲು ಅಂಡರ್‌ಬಾಡಿ, ಆಮೇಲೆ ಚಕ್ರ, ರಿಮ್ಮಿನ ಒಳಬದಿ, ಕೊನೆಗೆ ಬಾಡಿ. ಬಾಡಿ ಮೊದಲು ತೊಳೆದರೆ ಚಕ್ರದ ಕೆಸರು ಮತ್ತೆ ಮೇಲೆ ಹಾರುತ್ತೆ. ಕೆಸರು ಇಳಿಯೋ ಮುಂಚೆ ಸ್ಪಂಜು ಮುಟ್ಟಿಸಲೇಬೇಡಿ, ಮರಳು ಪೇಂಟನ್ನ ಗೀಚುತ್ತೆ. ಪಾತ್ರೆ ತೊಳೆಯೋ ಲಿಕ್ವಿಡ್ಡು, ಬಟ್ಟೆ ಪೌಡರು ಬೇಡ, ಕಾರಿನ ಶಾಂಪೂವೇ ಇರಲಿ. ಚಕ್ರದ ಗೂಡಿಗೆ ಕೈ ಹಾಕುವಾಗ ಇಂಬಳ (ಜಿಗಣೆ) ನೋಡ್ಕೊಳ್ಳಿ, ಗದ್ದೆಯಿಂದ ಬಂದ ಗಾಡಿಯಲ್ಲಿ ಅವೂ ಪ್ರಯಾಣಿಕರೇ.

ಹತ್ತಿರ ಹೋಗಬಾರದ ಜಾಗ ಕೆಲವಿವೆ. ರೇಡಿಯೇಟರಿನ ರೆಕ್ಕೆ ತಗಡುಗಳು ಬಾಗಿದರೆ ಗಾಳಿ ಆಡಲ್ಲ, ಎಂಜಿನ್ ಬಿಸಿಯಾಗುತ್ತೆ. ಅಲ್ಲಿ ಬರೀ ಹೋಸ್ ನೀರು, ಸಾಧ್ಯವಾದರೆ ಎಂಜಿನ್ ಕಡೆಯಿಂದ ಮುಂದಕ್ಕೆ. ಆಲ್ಟರ್ನೇಟರು, ವೈರಿಂಗಿನ ಸಾಕೆಟ್ಟುಗಳು, ಬಾಗಿಲಿನ ಬೀಡಿಂಗ್, ಜಿಪ್ಸಿಯ ಹುಡ್ ಬಟ್ಟೆ ಮತ್ತು ಅದರ ಪ್ಲಾಸ್ಟಿಕ್ ಕಿಟಕಿ, ಟೈರಿನ ಪಕ್ಕೆ, ಎಲ್ಲಕ್ಕೂ ಒಂದಡಿ ಮೇಲೆ ದೂರ. ಮುಂದಿನ ಆಕ್ಸೆಲಿನ ತುದಿಯಲ್ಲಿ ಗುಂಡಗಿರೋ ನಕಲ್ ಇರುತ್ತಲ್ಲ, ಅದರ ಅಂಚಿನ ಸೀಲಿಗೆ ನೇರ ಹೊಡೆದರೆ ನೀರು ಒಳಗೆ ಹೋಗಿ ಗ್ರೀಸ್ ಹಾಳು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೂ ಹಾಗೇ. ನಮ್ಮ ಗ್ಯಾರೇಜಿನ ಮೇಸ್ತ್ರಿ ಹೇಳೋದು ಇಷ್ಟೇ: “ಅಕ್ಕಾ, ನೀರು ಹೊಡೆದ್ರೆ ಗ್ರೀಸೂ ಹೊಡೀರಿ.” ನಿಪ್ಪಲ್ ಇರೋ ಕಡೆ ಎಲ್ಲಾ ಗ್ರೀಸ್ ಗನ್ ಹಿಡಿದು, ಹಳೇ ಗ್ರೀಸ್ ಹೊರಗೆ ಬರೋವರೆಗೆ ಒತ್ತಬೇಕು. ಬೈಕ್ ತೊಳೆಯೋರು ಚೈನು ಮತ್ತು ಚಕ್ರದ ಬೇರಿಂಗಿಗೆ ಇದೇ ಎಚ್ಚರ ಇಟ್ಟುಕೊಳ್ಳಿ. ಎಲ್ಲಾ ಆದಮೇಲೆ ಗೇಟಿನವರೆಗೆ ಒಂದು ಸುತ್ತು ಓಡಿಸಿ, ಮೆಲ್ಲಗೆ ಬ್ರೇಕ್ ಒತ್ತಿ ಒಣಗಿಸೋದು. ಹಿಂದಿನ ಡ್ರಮ್ಮಿಗೆ ನೀರು ಹೋಗಿದ್ದರೆ ಮೊದಲ ಬ್ರೇಕ್ ಹಿಡಿಯೋದೇ ಇಲ್ಲ.

ಮನುಷ್ಯರ ವಿಷಯ ಮರೆತೆ. 100 ಬಾರಿನಲ್ಲಿ ನಾಝಲ್ ಬಾಯಿಂದ ಹೊರಡೋ ನೀರಿನ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಹತ್ತಿರದಿಂದ ಕೈಗೆ ತಗುಲಿದರೆ ಚರ್ಮ ಸೀಳಿ ನೀರು, ಅದರ ಜೊತೆಗಿನ ಕೊಳೆ ಒಳಗೆ ಹೋಗುತ್ತೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತೆ, ಒಳಗೆ ಹಾನಿ ದೊಡ್ಡದಿರಬಹುದು. ಅರಿಶಿನ ಒತ್ತಿ ಕೂರಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ, ಪ್ರೆಷರ್ ವಾಷರಿನ ನೀರು ಹೊಕ್ಕಿದೆ ಅಂತ ಡಾಕ್ಟರಿಗೆ ಹೇಳಿ. ಗಂಬೂಟು, ಕನ್ನಡಕ ಹಾಕದೇ ನಾನು ಗನ್ ಮುಟ್ಟಲ್ಲ. ಮಕ್ಕಳಿಗೆ ಆಟಕ್ಕೂ ಕೊಡಬೇಡಿ.

ಜಾಗ ಎಲ್ಲಿ ಅನ್ನೋದು ನಮ್ಮ ಮನೆಯಲ್ಲಿ ದೊಡ್ಡ ಚರ್ಚೆ ಆಯ್ತು. ಕಾಫಿ ಕಣ ಮಳೆಗಾಲದಲ್ಲಿ ಖಾಲಿ, ಸಿಮೆಂಟ್ ನೆಲ, ಇಳಿಜಾರೂ ಇದೆ. ಅತ್ತೆ ಒಪ್ಪಲೇ ಇಲ್ಲ. “ಕಾಫಿ ಒಣಗಿಸೋ ಕಡೆ ಎಣ್ಣೆ ನೀರು ಚೆಲ್ತೀಯೇನೇ?” ಅವರು ಹೇಳೋದು ಸರಿಯೇ, ಕಾಫಿ ಬೀಜ ವಾಸನೆ ಹೀರಿಕೊಳ್ಳುತ್ತೆ. ಬಾವಿಯಿಂದ ದೂರ, ಶೆಡ್ಡಿನ ಹಿಂದೆ ಜಲ್ಲಿ ಹಾಕಿಸಿದ ಜಾಗದಲ್ಲಿ ಸಣ್ಣ ಗುಂಡಿ ತೋಡಿಸಿದೆವು, ಮಣ್ಣು ಅಲ್ಲೇ ತಂಗುತ್ತೆ. ಆದರೆ ಮೆಷಿನ್ ಬಂದ ಮೇಲೆ ಅತ್ತೆಯೇ ಅದರ ದೊಡ್ಡ ಅಭಿಮಾನಿ. ಆಗಸ್ಟಿನ ಹೊತ್ತಿಗೆ ಅಂಗಳದ ಚಪ್ಪಡಿ ಕಲ್ಲಿಗೆ ಪಾಚಿ ಹಿಡಿದು ಕಾಲಿಟ್ಟರೆ ಜಾರೋದು ಮಲೆನಾಡಿನ ಎಲ್ಲರ ಮನೆಯ ಗೋಳು. ಬ್ಲೀಚಿಂಗ್ ಪೌಡರ್ ಹಾಕಿ ಪೊರಕೆಯಲ್ಲಿ ಉಜ್ಜೋ ಕೆಲಸ ಟರ್ಬೋ ನಾಝಲ್ಲಿನಲ್ಲಿ ಒಂದು ಗಂಟೆಗೆ ಮುಗೀತು. ಈಗ ಗಾಡಿಗಿಂತ ಅಂಗಳಕ್ಕೇ ಅದು ಹೆಚ್ಚು ಓಡೋದು.

ಮೈದುನ ಕೊನೆಗೆ ಏನೂ ಕೊಳ್ಳಲಿಲ್ಲ. ಅವನ ಅಪಾರ್ಟ್‌ಮೆಂಟಿನಲ್ಲಿ ನೆಲಮಾಳಿಗೆಗೆ ನಲ್ಲಿಯೂ ಇಲ್ಲ, ಪ್ಲಗ್ಗೂ ಇಲ್ಲ. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಜಲಮಂಡಳಿಯವರು ಕುಡಿಯೋ ನೀರಿನಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿದ್ದರು, ಅದರ ನೆನಪೂ ಇದೆ. ಅಂಥ ಕಡೆ ಇರೋರು ಕೆಸರನ್ನ ಊರಿಗೆ ಹೊತ್ತು ತರೋ ಬದಲು ಗದ್ದೆಯ ಹತ್ತಿರವೇ ಯಾರದಾದರೂ ತೋಟದಲ್ಲಿ ಇಳಿಸಿ ಹೋಗೋದು ಒಳ್ಳೇದು. ಅವನು ಹಾಗೇ ಮಾಡ್ತಿದ್ದಾನೆ. ನಮ್ಮ ಡ್ರಮ್ಮಿನ ನೀರು, ನಮ್ಮ ಕರೆಂಟು, ಅವನ ಜಿಮ್ನಿ.

ಯಾವ ಕಂಪನಿ ತಗೊಂಡ್ರಿ ಅಂತ ಕೇಳೋರಿಗೆ ನಾನು ಹೆಸರು ಹೇಳಲ್ಲ, ಯಾಕಂದ್ರೆ ಅದೇ ಮಾಡೆಲ್ ನಿಮ್ಮೂರಿನಲ್ಲಿ ರಿಪೇರಿ ಆಗುತ್ತೋ ಇಲ್ಲವೋ ಗೊತ್ತಿಲ್ಲ. ನಾನು ಆರಿಸಿದ್ದು ಇಂಡಕ್ಷನ್ ಮೋಟಾರು, ಹಿತ್ತಾಳೆ ತಲೆ, 8 ಲೀಟರಿನದು, ಇಪ್ಪತ್ತು ಸಾವಿರದ ಒಳಗೆ ಬಂತು. ಇದಕ್ಕಿಂತ ಅಗ್ಗದ್ದು ಆನ್‌ಲೈನಿನಲ್ಲಿ ಇತ್ತು, ಸರ್ವಿಸ್ ಸೆಂಟರ್ ಎಲ್ಲಿ ಅಂತ ಫೋನ್ ಮಾಡಿ ಕೇಳಿದರೆ ಕೊರಿಯರ್ ಮಾಡಿ ಅಂದರು. ಇಪ್ಪತ್ತು ಕಿಲೋ ಭಾರದ ಮೆಷಿನ್ನನ್ನ ಮಳೆಗಾಲದ ನಡುವೆ ಕೊರಿಯರ್ ಮಾಡಿ ಕೂರೋಕಾಗುತ್ತಾ? ಹಾಸನದಲ್ಲಿ ಔಷಧಿ ಪಂಪಿನ ಬಿಡಿಭಾಗ ಮಾರೋ ಅಂಗಡಿಗೆ ಹೋಗಿ, ಈ ಪಂಪಿನ ಸೀಲ್ ಕಿಟ್ಟು, ವಾಲ್ವು, ಓ ರಿಂಗು ನಿಮ್ಮಲ್ಲಿದೆಯಾ ಅಂತ ಫೋಟೋ ತೋರಿಸಿ ಕೇಳಿದೆ. ಯಜಮಾನರು ಒಳಗಿಂದ ಡಬ್ಬಿ ತಂದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು. ಅದನ್ನ ನೋಡಿದ ಮೇಲೆಯೇ ಮೆಷಿನ್ನಿಗೆ ದುಡ್ಡು ಕೊಟ್ಟಿದ್ದು. ಒಂದು ಸೀಲ್ ಕಿಟ್ ಆಗಲೇ ಕೊಂಡು ತಂದಿಟ್ಟಿದ್ದೀನಿ, ನೀವೂ ಹಾಗೇ ಮಾಡಿ. ಮಳೆಗಾಲದಲ್ಲಿ ಪೇಟೆಗೆ ಹೋಗೋ ದಾರಿ ಯಾವಾಗ ಬಂದ್ ಆಗುತ್ತೋ ಹೇಳೋಕಾಗಲ್ಲ.